ಗಂಜಿಯ ನದಿ, ಕಾಕಾನ ದೋಣಿ

ಗಂಜಿಯ ವಾಸನೆಯ ಹೊಸ ಸೀರೆಯ ಮಡಿಕೆ ಬಿಚ್ಚಿದಾಗಲೆಲ್ಲ ನನಗೆ ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿ ಹರಿದ ಒಂದು ನದಿ ನೆನಪಾಗುತ್ತದೆ.

ಮಿಲಿಟರಿಯಲ್ಲಿ ದೋಣಿ ನಡೆಸುತ್ತಿದ್ದ ಕಾಕಾ ಆ ಸಲ ರಜೆ ಮುಗಿಯುವ ಹಿಂದಿನ ದಿನ ತನ್ನ ದೋಣಿಯದೇ ಪುಟ್ಟ ಮಾದರಿಯನ್ನು ರಟ್ಟಿನಲ್ಲಿ ಮಾಡಿ ಮುಗಿಸಿದ್ದ. ಮೊಳೆಗಳ ತಲೆಗೆಂದು ಒಂದೊಂದೇ ಸಾಸಿವೆ ಕಾಳು ಅಂಟಿಸಿದವಳು ನಾನು. ಆಮೇಲೆ ಹಳೆಯ ಧೋತರವನ್ನು ನಮ್ಮ ಮನೆಯ ಮಗ್ಗದ ನೂಲಿಗೆ ಹಚ್ಚುವ ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ಹಾಸಿ, ಬೆರಳಿನಿಂದ ಅಲೆ ಎಬ್ಬಿಸಿ ಒಣಗಿಸಿ ನದಿ ಮಾಡಿದೆವು. ನಾನು ನೀಲಿ ಬಣ್ಣ ಎತ್ತಿಕೊಂಡೆ.

"ನೀಲಿ ಬ್ಯಾಡವ್ವಾ. ಹೊಸ ನೀರು ಬಂದಾಗ ನಮ್ಮ ಮಲಪ್ರಭಾ ಹೆಂಗಿರ್ತೈತಿ? ನಾ ಇರೂ ಕಡಿ ಹೊಳಿನೂ ಹಂಗ ಐತಿ," ಅಂದ ಕಾಕಾ.

ಕೆಮ್ಮಣ್ಣು ಕಲಸಿ ಬಳಿದೆವು. ಬೂದು ಬಣ್ಣದ ದೋಣಿ ಖರೇ ಹೊಳೆಯಲ್ಲಿದ್ದಂತೆಯೇ ಕೂತಿತು. ಅಷ್ಟರಲ್ಲಿ ಅಜ್ಜಿ ವಿಭೂತಿ ತಂದು, ಮನೆಗೆ ಬಂದ ಹೊಸ ಸೈಕಲ್ಲಿಗೆ ಹಚ್ಚುವಂತೆ, ಮೂರು ಬೆರಳಿನಿಂದ ಎಳೆದೇಬಿಟ್ಟಳು. ಅರ್ಧ ದೋಣಿ ಬೆಳ್ಳಗಾಯಿತು.

"ಯವ್ವಾ! ಇದು ವೈರಿ ಕಣ್ಣಿಗೆ ಬೀಳಬಾರದು!" ಅಂದ ಕಾಕಾ.

"ವೈರಿಗೆ ಕಾಣೂದು ಬ್ಯಾಡ. ಬಸವಣ್ಣಗ ಕಾಣಬೇಕಲ್ಲೋ."

ನಾನು ಬಿದ್ದು ಬಿದ್ದು ನಕ್ಕೆ. ಕಾಕಾನೂ ನಕ್ಕ. ಒದ್ದೆ ಬಟ್ಟೆ ಕೈಯಲ್ಲಿದ್ದರೂ ವಿಭೂತಿ ಒರೆಸಲಿಲ್ಲ. ದೋಣಿಯಲ್ಲಿ ತನ್ನಂತೆಯೇ ಚುಕ್ಕಾಣಿ ಹಿಡಿದು ನಿಂತಿದ್ದ ಕಡ್ಡಿಯ ಪುಟ್ಟ ಸಿಪಾಯಿಯನ್ನು ತೋರಿಸಿ, "ಇಂವಗೂ ಒಂಚೂರು ಹಚ್ಚು ಯವ್ವಾ," ಅಂದ.

ಅಜ್ಜಿಯ ಬೆರಳು ಅದಕ್ಕೆ ಭಾಳ ದಪ್ಪ. ಮಗ್ಗದಿಂದ ರೇಷ್ಮೆಯ ಒಂದೆಳೆ ತಂದು, ವಿಭೂತಿ ನೀರಿನಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಸಿಪಾಯಿಯ ಸಾಸಿವೆ ಕಾಳಿನಷ್ಟು ಹಣೆಗೆ ಮೂರು ಸಲ ಒತ್ತಿದಳು.