ಎಕ್ಸ್‌ರೇ ಕೋಣೆಯ ಅರಿಶಿನ ಕೊಂಬು

“ಜೀವ ಹೋದರೂ ತಾಳಿ ತೆಗಿಯಂಗಿಲ್ಲ,” ಎಂದು ಪಾರಮ್ಮ ಎಕ್ಸ್‌ರೇ ಕೋಣೆಯ ಬಾಗಿಲಲ್ಲೇ ಕೊರಳನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ದೇಶನೂರಿನಿಂದ ಅವಳನ್ನು ಬಳ್ಳಾರಿಗೆ ಕರೆತಂದಿದ್ದ ಅತ್ತೆ ದೊಡ್ಡಬಸಮ್ಮ, “ಹಂಗಾರ ಕೆಮ್ಮಿಕೋತ ಕುಂದ್ರು,” ಎಂದು ಗದರಿದಳೇ ಹೊರತು ತಾನೂ ತಾಳಿಗೆ ಕೈ ಹಚ್ಚಲಿಲ್ಲ.

ಎಕ್ಸ್‌ರೇ ತೆಗೆಯುವ ವಿರೂಪಮ್ಮ ಒಳಗಿನಿಂದ ಬಾಗಿಲಿಗೆ ಬಂದಳು. ಹೆಂಗಸರು ಗಂಡಸರ ಮುಂದೆ ರವಿಕೆ ಬಿಚ್ಚಲು ಒಪ್ಪುವುದಿಲ್ಲವೆಂದೇ ಡಾಕ್ಟರು ಅವಳನ್ನು ಕೆಲಸಕ್ಕಿಟ್ಟುಕೊಂಡಿದ್ದರು. ಮೊದಲಿದ್ದವರು ಯಂತ್ರಕ್ಕೆ ಹೆದರಿ ಬಿಟ್ಟುಹೋಗಿದ್ದರು. ತಾಳಿಯ ಲೋಹದ ನೆರಳು ಬಿದ್ದರೆ ಎದೆಯ ಚಿತ್ರ ಕೆಡುತ್ತದೆ. ತೆಗೆಯಿರೆಂದರೆ ಬಂದವರು ಎದ್ದು ಹೋಗುತ್ತಾರೆ. ಇನ್ನೊಬ್ಬಳು ಹೀಗೆ ಹೋದರೆ ಹೆಂಗಸರ ಎಕ್ಸ್‌ರೇ ನಿಲ್ಲಿಸುವೆ, ನೀನೂ ಬೇರೆ ಕೆಲಸ ನೋಡಿಕೋ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು.

ಅವಳು ಪಕ್ಕದಲ್ಲೇ ಇದ್ದ ಡಾಕ್ಟರ ಮನೆಯ ಅಡುಗೆಕೋಣೆಗೆ ಓಡಿ, ಅರಿಶಿನದ ಕೊಂಬೊಂದನ್ನು ದಾರಕ್ಕೆ ಕಟ್ಟಿ ತಂದು ದೊಡ್ಡಬಸಮ್ಮನ ಮುಂದೆ ಹಿಡಿದಳು. “ಯವ್ವಾ, ಮೊದಲು ಇದನ್ನ ಕಟ್ರಿ. ಆಮ್ಯಾಲೆ ತಾಳಿ ತೆಗದ್ರೂ ಕೊರಳು ಬರಿದಾಗಂಗಿಲ್ಲ. ನೀವ ಕಟ್ಟಬೇಕು. ನಾನು ಗಂಡನ್ನ ಕಳಕೊಂಡಾಕಿ, ನನ್ನ ಕೈ ಬ್ಯಾಡ.”

ದೊಡ್ಡಬಸಮ್ಮ ಅವಳ ಬರಿದಾದ ಹಣೆಯನ್ನು ನೋಡಿದಳು, ನೀಡಿದ ಕೈಯನ್ನೂ ನೋಡಿದಳು. ಚಿಕ್ಕಂದಿನಿಂದ ಗದ್ದೆಯಲ್ಲಿ ಕೊಯ್ದ ಭತ್ತದ ಸಿವುಡುಗಳಿಗೆ ಗಂಟು ಹಾಕುತ್ತಲೇ ಬಂದಿದ್ದ ಆ ಹೆಂಗಸು ಸೊಸೆಯ ಜಡೆಯನ್ನು ಮೇಲೆತ್ತಿ ಹಿಡಿದು, “ನನಗ ಗಂಟು ಹಾಕಾಕ ಬರಂಗಿಲ್ಲವ್ವ, ನೀನ ಕಟ್ಟು,” ಎಂದಳು.

ಪಾರಮ್ಮ ಕೊರಳ ಮೇಲಿನ ಕೈ ಸರಿಸಿ, ವಿರೂಪಮ್ಮನ ಕಡೆಗೆ ಕತ್ತು ಬಗ್ಗಿಸಿದಳು.