ಇಂಟರ್ವಲ್ ಆದಮೇಲೆ ಅಕ್ಕ

“ಇಂಟರ್ವಲ್ ಆದಮೇಲೆ ಅಕ್ಕ ಎಲ್ಲಿ ಹೋದ್ಲೋ?”

ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಅಕ್ಕ ಚಪ್ಪಲಿಯನ್ನೂ ಬಿಡದೆ ಗೋಡೆಯ ಮುಂದೆ ನಿಂತಿದ್ದಳು. ಹೊಸ ಚಿತ್ರಕಥೆಯ ಒಂದೊಂದು ದೃಶ್ಯಕ್ಕೂ ತಮ್ಮ ಒಂದೊಂದು ಚೀಟಿ ಅಂಟಿಸಿದ್ದ. ಸಂಜೆ ನಿರ್ಮಾಪಕರಿಗೆ ಕಥೆ ಹೇಳಬೇಕಿತ್ತು; ತಿದ್ದಿ ತಿದ್ದಿ ಅವನ ಕಣ್ಣುಗಳು ಉರಿಯುತ್ತಿದ್ದವು. ತಾಯಿಯಿಲ್ಲದ ತಮ್ಮನನ್ನು ಓದು ಬಿಟ್ಟು ಸಾಕಿದ ಅಕ್ಕನ ಕಥೆ ಅದು. ಹೆಸರುಗಳು ಬೇರೆ, ಕಥೆ ಇವರದೇ.

“ಅಲ್ಲಿಗೆ ಅವಳ ಕೆಲಸ ಮುಗೀತಲ್ಲ ಅಕ್ಕಾ. ಇನ್ನು ಹೀರೋ ಗೆಲ್ಲಬೇಕು.”

“ಮುಗೀತಾ?” ಅಕ್ಕ ನಕ್ಕಳು. ಕುರ್ಚಿಯಲ್ಲಿ ಕುಸಿದು, ಊದಿದ ಪಾದಗಳನ್ನು ಒತ್ತಿಕೊಂಡಳು. “ಪುಣ್ಯವಂತೆ ಬಿಡು. ನನಗಿನ್ನೂ ಮುಗಿದೇ ಇಲ್ಲ.”

ತಮ್ಮ ಖಾಲಿ ಚೀಟಿಯೊಂದನ್ನು ತೆಗೆದುಕೊಂಡು ‘ಅಕ್ಕ’ ಎಂದು ಬರೆದ. ಮುಂದಕ್ಕೆ ಪೆನ್ನು ಓಡಲಿಲ್ಲ. ತಾನು ಮನೆ ಬಿಟ್ಟು ಹೋಗಿ ಹೆಸರು ಮಾಡಿ ಬರುವವರೆಗೆ ಇವಳು ಹೇಗಿದ್ದಳು, ಯಾರನ್ನಾದರೂ ಇಷ್ಟಪಟ್ಟಿದ್ದಳೇ, ಒಂದೂ ಅವನಿಗೆ ಗೊತ್ತಿರಲಿಲ್ಲ.

“ಆಮೇಲೆ ನೀನೇನ್ ಮಾಡ್ದೆ, ಅಕ್ಕಾ?”

ಅಕ್ಕ ಅವನ ಮುಖವನ್ನೇ ನೋಡಿದಳು. “ಈಗ ಬೇಡ ಕಣೋ, ಸುಸ್ತಾಗಿದೆ. ಮಲಗಿ ಎದ್ದು ಹೇಳ್ತೀನಿ.”

ಅವಳು ಒಳಗೆ ಹೋದ ಮೇಲೆ ತಮ್ಮ ನಿರ್ಮಾಪಕರಿಗೆ ಫೋನು ಮಾಡಿದ. “ಸಂಜೆಗೆ ಆಗಲ್ಲ ಸಾರ್. ಕಥೆ ಇನ್ನೂ ಅರ್ಧವೇ ಆಗಿರೋದು.”