ಎಣ್ಣೆಯೊಳಗಿನ ಮರಳು

ಕಾರಿನಡಿಯಿಂದ ಮೆಕ್ಯಾನಿಕ್ ಕೈ ಹೊರಚಾಚಿದಳು. ಬೆರಳಿಗೆ ಅಂಟಿದ್ದ ಕಪ್ಪು ಎಣ್ಣೆಯಲ್ಲಿ ಏನೋ ಮಿನುಗುತ್ತಿತ್ತು.

"ಮರಳು, ಮೇಷ್ಟ್ರೇ."

ಡ್ರೈವಿಂಗ್ ಮೇಷ್ಟ್ರು ಬಗ್ಗಿ ನೋಡಿದರು. ಊರಿನ ಅರ್ಧ ಜನರಿಗೆ ಅವರು ಈ ಹಳೇ ಕಾರಿನಲ್ಲೇ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದರು; ಈ ಮೆಕ್ಯಾನಿಕ್ಕಿಗೂ. ನಲವತ್ತು ವರ್ಷ ಕೈಕೊಡದ ಗಾಡಿ ಇವತ್ತು ಬೆಳಿಗ್ಗೆ ಅಂಗಳದಲ್ಲಿ ಕರಕರ ಎಂದು ಕಿರುಚಿ, ಹಿಂದಿನ ಗಾಲಿ ಕಚ್ಚಿಕೊಂಡು ನಿಂತುಬಿಟ್ಟಿತ್ತು. ಹೆಂಡತಿ ಬೇಡವೆಂದರೂ ಕೇಳದೆ ಗ್ಯಾರೇಜಿಗೆ ಎಳೆಸಿ ತಂದಿದ್ದರು.

ಅವಳು ಹಿಂದಿನ ಎರಡೂ ಗಾಲಿ ಕಳಚಿ, ಆಕ್ಸಲ್‌ಗಳನ್ನು ಹೊರಗೆಳೆದು, ಆ ಗಾಲಿಗಳನ್ನು ತಿರುಗಿಸುವ ಹಲ್ಲುಚಕ್ರಗಳ ಗೂಡಾದ ಡಿಫರೆನ್ಷಿಯಲ್ ಸುತ್ತಲಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಆ ಭಾರದ ಗಂಟನ್ನು ಜಾಕಿಯ ಮೇಲೆ ಮೆಲ್ಲಗೆ ಇಳಿಸಿಕೊಂಡು ಬೆಳಕಿಗೆ ತಂದಳು. ಒಳಗಿನ ಹಲ್ಲುಗಳು ಮುದುಕನ ವಸಡಿನಂತೆ ಸವೆದಿದ್ದವು.

ಇದು ತಾನಾಗಿ ಮರಳು ಹೋಗುವ ಜಾಗವಲ್ಲ ಎಂದಳು. ಎಣ್ಣೆ ಹಾಕುವ ತೂತಿನಿಂದ ಯಾರೋ ಬೇಕೆಂದೇ ಸುರಿದಿದ್ದಾರೆ. ಗಾಡಿಯ ವಿಷಯ ಬಲ್ಲವರ ಕೆಲಸ.

ಇಳಿಜಾರಿನಲ್ಲಿ ಹೀಗಾಗಿದ್ದರೆ ಎಂದು ಮೇಷ್ಟ್ರು ಕೇಳಿದರು. ಅವಳು ಬಟ್ಟೆಗೆ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಮನೇಲಿ ಯಾರ್ಯಾರಿದ್ದೀರಿ?"

"ನಾನು, ನನ್ನ ಹೆಂಡತಿ. ಅಷ್ಟೇ."

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬೇರೆ ಥರ ಕೇಳಿಸಿತು.

ಇತ್ತೀಚೆಗೆ ಹೆಂಡತಿ ಕಾರಿನ ಕೀ ಬಚ್ಚಿಡುತ್ತಿದ್ದಳು. ಫೋನಿನಲ್ಲಿ ಮಗಳ ಜೊತೆ ಪಿಸುಗುಟ್ಟುತ್ತಿದ್ದಳು, ಇವರ ಹೆಜ್ಜೆ ಸದ್ದಾದರೆ ಗಪ್‌ಚಿಪ್. ಊಟವಾದ ಮೇಲೆ ಅದೇನೋ ಹೊಸ ಮಾತ್ರೆ ಕೊಟ್ಟು, ನುಂಗುವ ತನಕ ಕಣ್ಣು ಕೀಳುತ್ತಿರಲಿಲ್ಲ. ಇವರು ಅದನ್ನು ಕೆನ್ನೆಯಲ್ಲಿಟ್ಟುಕೊಂಡು ಬಚ್ಚಲಲ್ಲಿ ಉಗುಳುತ್ತಿದ್ದರು. ಮೂವತ್ತೆಂಟು ವರ್ಷ ಒಟ್ಟಿಗೆ ಬಾಳಿದ ಹೆಂಗಸು.

ಪೊಲೀಸರನ್ನು ಕರೆಯಮ್ಮ ಎಂದರು. ಮೆಕ್ಯಾನಿಕ್ ಅವರ ಮುಖವನ್ನೇ ನೋಡಿದಳು. ಮೊದಲು ನಿಮ್ಮ ಮನೆಯ ಅಮ್ಮನನ್ನೇ ಕೇಳುತ್ತೇನೆ ಎಂದು ಫೋನ್ ಎತ್ತಿಕೊಂಡಳು. ಬೇಡ ಎನ್ನುವಷ್ಟರಲ್ಲಿ ಆ ಕಡೆಯಿಂದ ಹಲೋ ಬಂದಾಗಿತ್ತು.

ಹತ್ತೇ ನಿಮಿಷ. ಹೆಂಡತಿ ಏದುಸಿರು ಬಿಡುತ್ತ ಒಳಗೆ ಬಂದಳು. ಮೇಷ್ಟ್ರು ಮೇಜಿನ ಹಿಂದಕ್ಕೆ ಸರಿದು, ಕೈಗೆ ಸಿಕ್ಕ ದೊಡ್ಡ ಸ್ಪ್ಯಾನರನ್ನು ಎದೆಗೆ ಅಡ್ಡ ಹಿಡಿದರು. ಬಿಚ್ಚಿ ಹರಡಿದ್ದ ಹಲ್ಲುಚಕ್ರಗಳನ್ನು ಅವಳು ನೋಡಿದಳು. ಆಶ್ಚರ್ಯಪಡಲಿಲ್ಲ. ಅದೇ ಅವರನ್ನು ಇನ್ನಷ್ಟು ಹೆದರಿಸಿತು.

"ಮರಳು ಹಾಕಿದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ. ನಾನೇ ಟಾರ್ಚ್ ಹಿಡಿದಿದ್ದೆ."

ಮೇಷ್ಟ್ರು ಸ್ಪ್ಯಾನರನ್ನು ಇನ್ನೂ ಬಿಗಿಯಾಗಿ ಹಿಡಿದರು. ಇನ್ನೊಬ್ಬರಿದ್ದಾರೆ ಹಾಗಾದರೆ. "ಯಾರಿಗೆ ಹಿಡಿದಿದ್ದೆ?"

ಅವಳು ಹಳೇ ಟೈರಿನ ಮೇಲೆ ಕುಳಿತಳು.

"ನಿಮಗೆ."

ನಿಧಾನವಾಗಿ ಹೇಳುತ್ತ ಹೋದಳು. ಹೋದ ತಿಂಗಳು ಶಾಲೆಯ ಮುಂದೆ ಸೈಕಲ್ ಹುಡುಗಿಯೊಬ್ಬಳು ಅಡ್ಡ ಬಂದಾಗ ಮೇಷ್ಟ್ರಿಗೆ ಬ್ರೇಕ್ ಯಾವುದೆಂದು ಮರೆತುಹೋಗಿತ್ತು. ಪಕ್ಕದಲ್ಲಿದ್ದ ಇವಳು ಹ್ಯಾಂಡ್‌ಬ್ರೇಕ್ ಎಳೆದಳು. ಒಂದು ಗೇಣಿನಲ್ಲಿ ಮಗು ಉಳಿಯಿತು. ಮನೆಗೆ ಬಂದು ಅವರು ಗೋಡೆಗೆ ಒರಗಿ ಅತ್ತರು. ನಾಳೆ ಇದೂ ಮರೆತುಹೋಗುತ್ತೆ, ಮತ್ತೆ ಹೊರಟುಬಿಡ್ತೀನಿ ಎಂದರು. ಕೀ ಬಚ್ಚಿಟ್ಟರೆ ವೈರ್ ಜೋಡಿಸುತ್ತೇನೆ, ಎಂಜಿನ್ ಕೆಡಿಸಿದರೆ ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ, ಡಿಫರೆನ್ಷಿಯಲ್ ಒಂದನ್ನು ಇಳಿಸುವ ಶಕ್ತಿ ಮಾತ್ರ ಈಗ ನನ್ನ ತೋಳಲ್ಲಿಲ್ಲ ಎಂದರು. ಆ ರಾತ್ರಿಯೇ ಅವರೇ ಹಿಂದಿನ ಗಾಲಿಗಳನ್ನು ಜಾಕಿಯ ಮೇಲೆತ್ತಿ, ಮರಳು ಸುರಿದು, ಹಲ್ಲು ಸವೆಯುವ ತನಕ ಎಂಜಿನ್ ಓಡಿಸಿದರು.

ಸ್ಪ್ಯಾನರ್ ಕೆಳಗೆ ಬಿತ್ತು. ಮೆಕ್ಯಾನಿಕ್ ಬಾಗಿಲ ಕಡೆಗೆ ಮುಖ ತಿರುಗಿಸಿಕೊಂಡಳು. ಇಷ್ಟು ದೊಡ್ಡ ವಿಷಯ ನನಗೆ ಯಾಕೆ ಹೇಳಲಿಲ್ಲ ಎಂದು ಮೇಷ್ಟ್ರು ಪಿಸುಗುಟ್ಟಿದರು.

"ನಿನ್ನೇನೂ ಹೇಳಿದ್ದೆ ರೀ," ಎಂದಳು ಹೆಂಡತಿ. "ಮೊನ್ನೇನೂ."